ಚಾದರ ಬದಲಿಸುವ ಮುನ್ನ



ನೀವು ಈ ಮಾತು ಕೇಳುತ್ತಿರುವ ಹೊತ್ತಿಗೆ ಊರೂರಿನ ಆಸ್ಪತ್ರೆಗಳಲ್ಲಿ ರಾತ್ರಿಪಾಳಿಯ ಸಿಸ್ಟರ್‌ಗಳು ವಾರ್ಡನ್ನು ಹಗಲುಪಾಳಿಯವರಿಗೆ ಒಪ್ಪಿಸುವ ತಯಾರಿಯಲ್ಲಿರುತ್ತಾರೆ. ಯಾರಿಗೆ ಡ್ರಿಪ್ ನಡೆಯುತ್ತಿದೆ, ಯಾರ ಜ್ವರ ಇಳಿದಿಲ್ಲ, ಯಾರ ರಕ್ತಪರೀಕ್ಷೆಯ ವರದಿ ಬರಬೇಕು, ಇವತ್ತು ಡಿಸ್ಚಾರ್ಜ್ ಯಾರಿಗೆ, ಎಲ್ಲವನ್ನೂ ಬರೆದಿಟ್ಟಿರುತ್ತಾರೆ. ನಡುರಾತ್ರಿ ಯಾರಾದರೂ ತೀರಿಕೊಂಡಿದ್ದರೆ ಅದೂ ಅಲ್ಲಿ ಒಂದು ಸಾಲಾಗಿ ಇರುತ್ತದೆ: ಹೆಸರು, ವಯಸ್ಸು, ಸಮಯ, ದೇಹವನ್ನು ಯಾರ ವಶಕ್ಕೆ ಕೊಟ್ಟದ್ದು. ಆ ಸಾಲು ಬರೆದ ಕೈ ಸ್ವಲ್ಪ ಹೊತ್ತಿನ ಹಿಂದೆ ಅದೇ ಮನುಷ್ಯನ ಎದೆ ಒತ್ತಿ ಉಸಿರು ಮರಳಿಸಲು ಹೆಣಗಿತ್ತು. ಆಮೇಲೆ ಹಾಸಿಗೆಯ ಚಾದರ ಬದಲಾಯಿತು. ಕ್ಯಾಶುವಾಲ್ಟಿಯಿಂದ ಇನ್ನೊಬ್ಬರು ಬಂದು ಮಲಗಿದರು. ಈ ಸಾವು ಸಿಸ್ಟರ್‌ನ ಒಳಗೆ ಏನು ಮಾಡಿತು ಎಂದು ಬರೆಯಲು ಯಾವ ರಿಜಿಸ್ಟರ್‌ನಲ್ಲೂ ಕಾಲಂ ಇಲ್ಲ.

ಇಂಥ ನೋವುಗಳು ಒಂದರ ಮೇಲೊಂದು ಕೂಡಿಕೊಂಡಾಗ ಏನಾಗುತ್ತದೆ ಎಂಬುದನ್ನು ಮೊದಲು ಗಮನವಿಟ್ಟು ಬರೆದವರಲ್ಲಿ ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಒಬ್ಬರು. ಬಡವರಿಗೆ, ಮಾದಕ ವಸ್ತುಗಳಿಗೆ ಸಿಲುಕಿದ ಹುಡುಗರಿಗೆ ಉಚಿತವಾಗಿ ಚಿಕಿತ್ಸೆ ಕೊಡುವ ಒಂದು ಕ್ಲಿನಿಕ್ಕಿನಲ್ಲಿ ಅವರು ದುಡಿಯುತ್ತಿದ್ದರು. ಅತ್ಯಂತ ಉತ್ಸಾಹದಿಂದ ಬಂದ ಸ್ವಯಂಸೇವಕರೇ ಮೊದಲು ಬಸವಳಿಯುವುದನ್ನು ಕಂಡರು. 1974ರಲ್ಲಿ ಆ ಬಗ್ಗೆ ಲೇಖನ ಬರೆದರು. ಮುಂದೆ ಕ್ಯಾಲಿಫೋರ್ನಿಯಾದ ಕ್ರಿಸ್ಟಿನಾ ಮಾಸ್ಲಾಕ್ ಇದನ್ನು ಅಳೆಯುವ ಪ್ರಶ್ನಾವಳಿಯನ್ನೇ ರೂಪಿಸಿದರು. ಅವರು ಗುರುತಿಸಿದ ಲಕ್ಷಣ ಮೂರು. ಮನಸ್ಸು ಬರಿದಾಗುವುದು ಒಂದು, ಎದುರಿಗಿರುವವರು ಮನುಷ್ಯರಾಗಿ ಕಾಣದಿರುವುದು ಇನ್ನೊಂದು, ನಾನು ಮಾಡುವುದರಿಂದ ಯಾರಿಗೂ ಏನೂ ಆಗುತ್ತಿಲ್ಲ ಅನ್ನಿಸತೊಡಗುವುದು ಮತ್ತೊಂದು.

ನನ್ನನ್ನು ಹೆಚ್ಚು ಕಾಡುವುದು ಎರಡನೆಯದು. ರೋಗಿ "ಹನ್ನೆರಡನೇ ಬೆಡ್ಡು" ಆಗುತ್ತಾನೆ, "ಆ ಲಿವರ್ ಕೇಸು" ಆಗುತ್ತಾನೆ. ಸಿಸ್ಟರ್ ಸಿಡುಕುತ್ತಾರೆ, ಡಾಕ್ಟರು ಮುಖ ಎತ್ತಿ ನೋಡುವುದಿಲ್ಲ ಎಂದು ನಾವು ದೂರುತ್ತೇವಲ್ಲ, ಆ ಸಿಡುಕಿನಲ್ಲಿ ಎಷ್ಟೋ ಸಲ ಇರುವುದು ಕಲ್ಲುಮನಸ್ಸಲ್ಲ. ಇನ್ನೊಂದು ನೋವಿಗೆ ಒಳಗೆ ಜಾಗವಿಲ್ಲ ಎಂದು ಅವರ ಜೀವವೇ ಬಾಗಿಲು ಹಾಕಿಕೊಂಡಿರುತ್ತದೆ.

ಆ ಬಾಗಿಲು ತೆರೆಯಲು ಒಬ್ಬ ನರ್ಸ್ ಮಾಡಿದ್ದನ್ನು ನೋಡಿ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಜೊನಾಥನ್ ಬಾರ್ಟೆಲ್ಸ್ ಎಂಬ ನರ್ಸ್ ತುರ್ತು ಚಿಕಿತ್ಸಾ ವಿಭಾಗದಲ್ಲಿದ್ದರು. ಅಪಘಾತದಲ್ಲಿ ಜಖಂಗೊಂಡವರನ್ನು ಉಳಿಸಲು ಹತ್ತಾರು ಜನ ಒಟ್ಟಿಗೆ ಹೆಣಗುವ ಜಾಗ ಅದು. ಪ್ರಯತ್ನ ಫಲಿಸದಿದ್ದರೆ ಡಾಕ್ಟರು ಸಾವಿನ ಸಮಯ ಹೇಳುತ್ತಾರೆ, ಎಲ್ಲರೂ ಕೈಗವಸು ಕಳಚಿ ಹೊರಟುಬಿಡುತ್ತಾರೆ. ಒಮ್ಮೆ ಹೀಗೆ ಹೊರಟವರನ್ನು ಆಸ್ಪತ್ರೆಯ ಪಾದ್ರಿಯೊಬ್ಬರು ತಡೆದು, ಎಲ್ಲರೂ ನಿಂತು ಪ್ರಾರ್ಥಿಸೋಣ ಎಂದರು. ಬಾರ್ಟೆಲ್ಸ್‌ಗೆ ಅದು ನಾಟಿತು. ಆದರೆ ಆ ಕೋಣೆಯಲ್ಲಿ ನಾನಾ ಧರ್ಮದವರೂ ದೇವರನ್ನು ನಂಬದವರೂ ಇರುತ್ತಾರೆ. ಹಾಗಾಗಿ ಅವರು ಪ್ರಾರ್ಥನೆಯನ್ನು ಬಿಟ್ಟು ಮೌನವನ್ನು ಉಳಿಸಿಕೊಂಡರು. ಮುಂದಿನ ಸಲ ಸಾವಾದಾಗ, ಯಾರೂ ಹೋಗಬೇಡಿ ಎಂದು ಕೇಳಿಕೊಂಡರು. ಇಲ್ಲಿ ಮಲಗಿರುವವರು ಯಾರದೋ ಮಗ, ಯಾರದೋ ಗೆಳೆಯ, ಇವರನ್ನು ಉಳಿಸಲು ನಾವೆಲ್ಲ ಕೈಲಾದದ್ದು ಮಾಡಿದೆವು, ಒಂದು ಗಳಿಗೆ ಸುಮ್ಮನೆ ನಿಲ್ಲೋಣ ಎಂಬ ಅರ್ಥದ ನಾಲ್ಕು ಮಾತು ಆಡಿದರು. ಎಲ್ಲರೂ ನಿಂತರು. ಹೆಚ್ಚೆಂದರೆ ಒಂದು ನಿಮಿಷ. ಅದಕ್ಕೆ ಅವರು ವಿರಾಮ ಎಂದೇ ಹೆಸರಿಟ್ಟರು. ಅಲ್ಲಿಂದ ಅದು ಬೇರೆ ಬೇರೆ ಆಸ್ಪತ್ರೆಗಳಿಗೂ ಹಬ್ಬಿತು.

ಇದರಲ್ಲಿ ನನಗೆ ದೊಡ್ಡದಾಗಿ ಕಾಣುವುದು ಅದು ನಡೆದ ಜಾಗ ಮತ್ತು ಹೊತ್ತು. ಅದು ಡ್ಯೂಟಿಯ ಒಳಗೆ, ಸಾವಿನ ಮಂಚದ ಬಳಿಯೇ, ಜೊತೆಗೆ ದುಡಿದವರೆಲ್ಲರ ನಡುವೆ ನಡೆಯಿತು. ಮನೆಗೆ ಹೋಗಿ, ಅಡುಗೆ ಮುಗಿಸಿ, ಮಕ್ಕಳನ್ನು ಮಲಗಿಸಿ, ಉಳಿದ ಅರ್ಧ ಗಂಟೆಯಲ್ಲಿ ಒಬ್ಬರೇ ಮಾಡಿಕೊಳ್ಳಿ ಎಂದು ಯಾರೂ ಹೇಳಲಿಲ್ಲ.

ಹೀಗೆ ಸುಮ್ಮನೆ ನಿಲ್ಲುವುದೂ ಒಂದು ಬಗೆಯ ಧ್ಯಾನವೇ. ಧ್ಯಾನ ಅಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಶಾಂತಿ. ಆದರೆ ಸಾಯುತ್ತಿರುವ ಮಗುವಿನ ಪಕ್ಕದಲ್ಲಿ ನಿಂತ ನರ್ಸ್‌ಗೆ ಶಾಂತಿಯನ್ನು ಬೋಧಿಸುವುದು ಸರಿಯೇ? ಅಲ್ಲಿ ಸಂಕಟಪಡುವುದೇ ಸಹಜ. ಈ ಪ್ರಶ್ನೆಯ ಮೇಲೆ ಬೆಳಕು ಚೆಲ್ಲುವ ಒಂದು ಪ್ರಯೋಗ ಯುರೋಪಿನಲ್ಲಿ ನಡೆಯಿತು. ಮ್ಯಾಥ್ಯೂ ರಿಕಾರ್ ಫ್ರಾನ್ಸಿನಲ್ಲಿ ಜೀವವಿಜ್ಞಾನ ಓದಿ, ಹಿಮಾಲಯಕ್ಕೆ ಬಂದು ಬೌದ್ಧ ಭಿಕ್ಷುವಾದವರು. ಮಿದುಳಿನ ಚಟುವಟಿಕೆ ತೋರಿಸುವ ಸ್ಕ್ಯಾನರ್‌ನೊಳಗೆ ಅವರನ್ನು ಮಲಗಿಸಿ, ವಿಜ್ಞಾನಿ ತಾನಿಯಾ ಸಿಂಗರ್ ಅವರ ತಂಡ ಒಂದು ಕೋರಿಕೆ ಇಟ್ಟಿತು. ಕರುಣೆ ಬೇಡ, ಪರರ ನೋವನ್ನು ನಿಮ್ಮದೇ ನೋವಾಗಿ ಅನುಭವಿಸಿ, ಅಷ್ಟೇ. ರುಮೇನಿಯಾದ ಅನಾಥಾಶ್ರಮವೊಂದರ ಸೊರಗಿದ ಮಕ್ಕಳ ಸಾಕ್ಷ್ಯಚಿತ್ರ ನೋಡಿದ್ದ ರಿಕಾರ್ ಆ ಮಕ್ಕಳನ್ನೇ ಮನಸ್ಸಿಗೆ ತಂದುಕೊಂಡರು. ವರ್ಷಾನುಗಟ್ಟಲೆ ಧ್ಯಾನ ಮಾಡಿದ ಆ ಭಿಕ್ಷುವಿಗೂ ಸ್ವಲ್ಪ ಹೊತ್ತಿನಲ್ಲೇ ಅದು ತಾಳಲಾರದಂತಾಯಿತು, ಒಳಗೆಲ್ಲ ಬರಿದಾದ ಹಾಗಾಯಿತು. ಆಮೇಲೆ ಅದೇ ಮಕ್ಕಳ ಬಗ್ಗೆ ಕರುಣೆಯ ಧ್ಯಾನಕ್ಕೆ ತೊಡಗಲು ಬಿಟ್ಟರು. ಮಕ್ಕಳ ನೋವು ಅಷ್ಟೇ ಇತ್ತು, ಚಿತ್ರವೂ ಅದೇ. ಆದರೆ ಅವರನ್ನು ಬಳಿಗೆ ಕರೆದು ಅಪ್ಪಿಕೊಳ್ಳುವ ಶಕ್ತಿ ಮರಳಿ ಬಂತು ಎಂದು ರಿಕಾರ್ ಬರೆದಿದ್ದಾರೆ. ಮುಂದೆ ಓಲ್ಗಾ ಕ್ಲಿಮೆಕಿ ಜೊತೆ ಸೇರಿ ಸಿಂಗರ್ ಸಾಮಾನ್ಯ ಜನರಿಗೂ ಎರಡೂ ಬಗೆಯ ತರಬೇತಿ ಕೊಟ್ಟು ನೋಡಿದರು. ಪರರ ನೋವನ್ನು ತಾನೇ ಉಣ್ಣುವಾಗ ಮಿದುಳಿನಲ್ಲಿ ಎಚ್ಚರಗೊಳ್ಳುವುದು ನಮಗೇ ನೋವಾದಾಗ ಎಚ್ಚರಗೊಳ್ಳುವ ಭಾಗಗಳು. ಕರುಣೆಯಲ್ಲಿ ಎಚ್ಚರಗೊಳ್ಳುವುದು ಪ್ರೀತಿ, ಒಲವುಗಳಿಗೆ ಸಂಬಂಧಿಸಿದ ಭಾಗಗಳು.

ಈ ತಿಳಿವಳಿಕೆ ನಮ್ಮ ನಾಡಿಗೆ ಹೊಸದಲ್ಲ. ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ ಎಂಬ ನಾಲ್ಕನ್ನು ಬುದ್ಧನ ಪರಂಪರೆಯೂ ಕಲಿಸಿತು, ಪತಂಜಲಿಯ ಯೋಗಸೂತ್ರವೂ ಹೇಳಿತು. ಆದರೆ ನಮ್ಮ ಆಸ್ಪತ್ರೆಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಗೆ ಹಿರಿಯರು ಕೊಡುವ ಬುದ್ಧಿಮಾತು ಬೇರೆ: ಇದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬೇಡಮ್ಮಾ, ದಿನಾ ಇದ್ದದ್ದೇ. ಅವರು ಹೇಳುವುದು ಪ್ರೀತಿಯಿಂದಲೇ. ಆದರೂ ಆ ಹುಡುಗಿಯ ಮುಂದೆ ಎರಡೇ ದಾರಿ ಉಳಿಯುತ್ತದೆ. ಪ್ರತಿ ನೋವನ್ನೂ ಮೈಮೇಲೆ ಎಳೆದುಕೊಂಡು ಕುಸಿಯಬೇಕು, ಇಲ್ಲವೇ ಕಲ್ಲಾಗಬೇಕು. ನೋವನ್ನು ನೋಡುತ್ತ, ನೋವುಂಡವರ ಒಳಿತನ್ನು ಬಯಸುತ್ತ, ಅವರ ಪಕ್ಕದಲ್ಲಿ ನಿಲ್ಲುವ ಮೂರನೆಯ ದಾರಿಯೊಂದು ಇದೆ, ಅದನ್ನು ಅಭ್ಯಾಸದಿಂದ ಕಲಿಯಬಹುದು ಎಂದು ಅವಳಿಗೆ ಯಾರೂ ಹೇಳುವುದಿಲ್ಲ.

ಅಭ್ಯಾಸಕ್ಕೆ ಹೊತ್ತೆಲ್ಲಿದೆ ಎಂದು ಕೇಳಬಹುದು. 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬತ್‌ ಜಿನ್ ಶುರುಮಾಡಿದ ತರಬೇತಿ ಎಂಟು ವಾರದ್ದು. ಮನೆಯಲ್ಲಿ ದಿನಕ್ಕೆ 45 ನಿಮಿಷ ಕೂರಬೇಕು. ಅದು ವಾಸಿಯಾಗದ ನೋವಿರುವ ರೋಗಿಗಳಿಗೆಂದು ಮಾಡಿದ್ದು. ಪಾಳಿಯಲ್ಲಿ ದುಡಿಯುವವರಿಗೆ ಅಷ್ಟು ಹೊತ್ತು ಸಿಗದು. ಆದರೆ ಒಬ್ಬ ರೋಗಿಯಿಂದ ಇನ್ನೊಬ್ಬರ ಬಳಿಗೆ ಹೋಗುವಾಗ ಅವರು ಕೈ ತೊಳೆಯಲೇಬೇಕು. ಸೋಪು ಹಚ್ಚಿ ತೊಳೆಯಲು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಸಮಯ 40ರಿಂದ 60 ಸೆಕೆಂಡು. ಆ ಹೊತ್ತು ಕಾಲು ನೆಲಕ್ಕೆ ಊರಿದ್ದನ್ನು ಗಮನಿಸುವುದು, ನೀರಿನ ತಣ್ಪನ್ನು ಗಮನಿಸುವುದು, ಭುಜ ಬಿಗಿದಿದ್ದರೆ ಬಿಗಿದಿದೆ ಎಂದು ತಿಳಿಯುವುದು. ಈಗ ಬಿಟ್ಟುಬಂದ ರೋಗಿಗೆ ಒಳ್ಳೆಯದಾಗಲಿ ಎಂದುಕೊಳ್ಳುವುದು. ಮುಂದೆ ಕಾಣಬೇಕಾದ ರೋಗಿಯ ಹೆಸರನ್ನು, ಬೆಡ್ ನಂಬರನ್ನಲ್ಲ, ಮನಸ್ಸಿನಲ್ಲೇ ಹೇಳಿಕೊಳ್ಳುವುದು. ಕಣ್ಣು ಮುಚ್ಚಬೇಕಾಗಿಲ್ಲ. ಕಣ್ಣು ಮುಚ್ಚಿದರೆ ಕೆಲವರಿಗೆ ಕಂಡ ದೃಶ್ಯಗಳೇ ಮರಳಿ ಬರುತ್ತವೆ, ಅಂಥವರು ತೆರೆದೇ ಇರಲಿ.

ಇಷ್ಟು ಹೇಳಿ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಲ್ಲಿ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿಗೆ ಮೂರು ರೋಗಿಗೊಬ್ಬ ನರ್ಸ್, ಐಸಿಯುಗೆ ಒಬ್ಬ ರೋಗಿಗೆ ಒಬ್ಬರು. ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ನಿಮ್ಮವರ ಜೊತೆ ಒಂದು ರಾತ್ರಿ ಕಳೆದಿದ್ದರೆ, ಅಂದು ವಾರ್ಡಿನಲ್ಲಿ ಎಷ್ಟು ಮಂಚ, ಎಷ್ಟು ಸಿಸ್ಟರ್ ಇದ್ದರು ಎಂದು ನೆನಪಿಸಿಕೊಳ್ಳಿ. ಆ ಅಂತರವನ್ನು ಯಾವ ಉಸಿರಾಟವೂ ತುಂಬಲಾರದು. ಬ್ರಿಟನ್ನಿನ 233 ಸಂಸ್ಥೆಗಳ 46 ಸಾವಿರಕ್ಕೂ ಹೆಚ್ಚು ನೌಕರರ ಮಾಹಿತಿ ಜಾಲಾಡಿದ ಆಕ್ಸ್‌ಫರ್ಡಿನ ವಿಲಿಯಂ ಫ್ಲೆಮಿಂಗ್ ಅವರ ಅಧ್ಯಯನ 2024ರಲ್ಲಿ ಬಂತು. ಕಂಪನಿ ಕೊಟ್ಟ ಧ್ಯಾನದ ತರಗತಿ, ಮೊಬೈಲ್ ಆ್ಯಪ್‌ಗಳಲ್ಲಿ ಭಾಗವಹಿಸಿದವರು, ಭಾಗವಹಿಸದವರಿಗಿಂತ ನೆಮ್ಮದಿಯಿಂದೇನೂ ಇರಲಿಲ್ಲ. ಆ ಸಂಸ್ಥೆಗಳು ಆಸ್ಪತ್ರೆಗಳಷ್ಟೇ ಅಲ್ಲ, ಎಲ್ಲ ಬಗೆಯ ಕೆಲಸದ ಜಾಗಗಳು. ಆದರೂ ಮಾತು ಸ್ಪಷ್ಟವಾಗಿದೆ. ಕೆಲಸದ ಭಾರವನ್ನು ಇದ್ದಂತೆಯೇ ಇಟ್ಟು, ತಾಳಿಕೊಳ್ಳುವುದನ್ನು ನೀನೇ ಕಲಿ ಎಂದು ನೌಕರರ ಮೇಲೆ ಹೊರಿಸಿದರೆ ಧ್ಯಾನವೂ ಇನ್ನೊಂದು ಡ್ಯೂಟಿಯಾಗುತ್ತದೆ.

ಒಬ್ಬೊಬ್ಬರೇ ಅಲ್ಲದೆ ಒಟ್ಟಾಗಿ ಮಾಡಿದ ಪ್ರಯತ್ನವೂ ಇದೆ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ 70 ವೈದ್ಯರಿಗೆ ಕೊಟ್ಟ ತರಬೇತಿಯ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಎಂಟು ವಾರ ವಾರಕ್ಕೊಮ್ಮೆ, ಆಮೇಲೆ ಹತ್ತು ತಿಂಗಳು ತಿಂಗಳಿಗೊಮ್ಮೆ ಅವರು ಸೇರುತ್ತಿದ್ದರು. ಧ್ಯಾನಕ್ಕೆ ಕೂರುವುದರ ಜೊತೆಗೆ ತಮ್ಮ ರೋಗಿಗಳ ಕಥೆಗಳನ್ನು, ಸಾವುಗಳನ್ನು, ತಮ್ಮಿಂದಾದ ತಪ್ಪುಗಳನ್ನು ಒಬ್ಬರಿಗೊಬ್ಬರು ಹೇಳಿಕೊಂಡರು, ಅಡ್ಡಮಾತಿಲ್ಲದೆ ಕೇಳಿಸಿಕೊಂಡರು. ಅವರ ಬಳಲಿಕೆ ಇಳಿಯಿತು, ರೋಗಿಗಳ ಮೇಲಿನ ಅಂತಃಕರಣ ಹೆಚ್ಚಿತು. ಹೋಲಿಸಿ ನೋಡಲು ತರಬೇತಿ ಪಡೆಯದ ಇನ್ನೊಂದು ಗುಂಪು ಇರಲಿಲ್ಲ ಎಂಬುದನ್ನೂ ಹೇಳಬೇಕು. ಆದರೆ ನಂತರ ಕೇಳಿದಾಗ ಆ ವೈದ್ಯರು ಹೇಳಿದ ಮಾತನ್ನು ನಾನು ಬಹಳ ನಂಬುತ್ತೇನೆ: ಸಹೋದ್ಯೋಗಿಗಳೊಂದಿಗೆ ಹಂಚಿಕೊಂಡದ್ದರಿಂದ ಒಂಟಿತನ ಕಡಿಮೆಯಾಯಿತು.

ಜೊತೆಗಾರರೇ ಇಲ್ಲದವರ ಪಾಡು ಇನ್ನೂ ಕಷ್ಟ. ಆಶಾ ಕಾರ್ಯಕರ್ತೆಗೆ ವಾರ್ಡಿಲ್ಲ, ಪಾಳಿಯಿಲ್ಲ. ಹೆರಿಗೆ ನೋವು ನಡುರಾತ್ರಿ ಬಂದರೂ ಫೋನು ಅವಳಿಗೇ. 2025ರ ಜನವರಿಯಲ್ಲಿ ರಾಜ್ಯದ ಮೂಲೆಮೂಲೆಯ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂತು ಕೇಳಿದ್ದು ತಿಂಗಳಿಗೆ ಹದಿನೈದು ಸಾವಿರ ರೂಪಾಯಿಯ ನಿಶ್ಚಿತ ಗೌರವಧನ. ಅವರ ನೆಮ್ಮದಿಯ ಬಗ್ಗೆ ಮಾತಾಡುವವರು ಆ ಬೇಡಿಕೆಯಿಂದಲೇ ಶುರುಮಾಡಬೇಕು.

ಮನೆಯಲ್ಲೇ ರೋಗಿಯನ್ನು ನೋಡಿಕೊಳ್ಳುವವರೂ ಇದ್ದಾರೆ. ತೀವ್ರ ಮಾನಸಿಕ ಕಾಯಿಲೆಯವರನ್ನು ನೋಡಿಕೊಳ್ಳುವ ಮನೆಯವರಿಗೆ ಯೋಗ ಕಲಿಸಿದಾಗ ಅವರ ಮನಸ್ಸಿನ ಭಾರ ಇಳಿದದ್ದನ್ನು ನಿಮ್ಹಾನ್ಸ್ ವೈದ್ಯರು ಒಂದು ಸಣ್ಣ ಅಧ್ಯಯನದಲ್ಲಿ ಕಂಡಿದ್ದಾರೆ. ಆದರೆ ಅಂಥ ತರಗತಿಗೆ ಸೊಸೆ ಹೋಗಬೇಕಾದರೆ ಆ ಹೊತ್ತು ಮಾವನ ಪಕ್ಕ ಕೂರಲು ಮನೆಯಲ್ಲಿ ಇನ್ನೊಬ್ಬರು ಒಪ್ಪಬೇಕು. ಗಂಡನೋ ಮೈದುನನೋ ವಾರಕ್ಕೆ ಎರಡು ಗಂಟೆ ಕೂರಲಿ.

ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕೇ ಬೇಡವೆನಿಸಿದರೆ, ಧ್ಯಾನವನ್ನು ನೆಚ್ಚಿ ಕೂರಬೇಡಿ. ಟೆಲಿ ಮಾನಸ್ ಎಂಬ ಸಹಾಯವಾಣಿ 2022ರಿಂದ ನಡೆಯುತ್ತಿದೆ. ಸಂಖ್ಯೆ 14416. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು, ದಿನದ ಯಾವ ಹೊತ್ತಿನಲ್ಲೂ ಸಿಗುತ್ತದೆ. ಇದನ್ನು ಕೇಳುತ್ತಿರುವ ನರ್ಸಿಂಗ್ ಸೂಪರಿಂಟೆಂಡೆಂಟರು ಆ ಸಂಖ್ಯೆಯನ್ನು ಡ್ಯೂಟಿ ಪಟ್ಟಿಯ ಪಕ್ಕದಲ್ಲಿ ಅಂಟಿಸಲಿ. ಮುಂದಿನ ತಿಂಗಳ ಪಟ್ಟಿ ಬರೆಯುವಾಗ, ಸಾವಾದ ಮೇಲೆ ಚಾದರ ಬದಲಿಸುವ ಮುನ್ನ ಬೇಕಾದ ಆ ಒಂದು ನಿಮಿಷವನ್ನೂ ಡ್ಯೂಟಿಯ ಲೆಕ್ಕಕ್ಕೇ ಸೇರಿಸಲಿ.