ಆನೆ ವರಹದ ಊರು ಯಾವುದು?



ಸುತ್ತಿಗೆಯಿಂದ ಹೊಡೆದು ಮುದ್ರಿಸಿದ ನಾಣ್ಯಗಳ ಮೂಲ ಮತ್ತು ನಕಲು ಕುರಿತ ಈ ಎರಡು ದಿನದ ವಿಚಾರ ಸಂಕಿರಣಕ್ಕೆ ಆಶಯ ಭಾಷಣ ಮಾಡಿ ಎಂದು ಕರೆದಿದ್ದೀರಿ. ಇಂಥ ಭಾಷಣದಲ್ಲಿ ಹಿಂದಿನ ವಿದ್ವಾಂಸರ ಕೆಲಸವನ್ನೆಲ್ಲ ಒಮ್ಮೆ ಸುತ್ತಿ ಬರುವುದು ವಾಡಿಕೆ. ಇವತ್ತು ಅದರ ಅಗತ್ಯವಿಲ್ಲ, ಆ ಕೆಲಸ ಮಾಡಿದವರೇ ಇಲ್ಲಿ ಕೂತಿದ್ದಾರೆ. ವಿಜಯನಗರದ ವರಹಗಳ ಅಚ್ಚುಗಳನ್ನು ಒಂದಕ್ಕೊಂದು ಜೋಡಿಸಿ ನೋಡಿದ ಮೇಡಂ ಎರಡನೇ ಸಾಲಿನಲ್ಲಿದ್ದಾರೆ. ಶಾತವಾಹನರ ಸೀಸದ ನಾಣ್ಯಗಳ ಬಗ್ಗೆ ಯಾರು ಏನೇ ಬರೆದರೂ ಮೊದಲು ತಮಗೆ ತೋರಿಸಬೇಕೆಂದು ಬಯಸುವ ಮಿತ್ರರು ಕಿಟಕಿ ಪಕ್ಕ ಇದ್ದಾರೆ. ಎ.ವಿ. ನರಸಿಂಹಮೂರ್ತಿಯವರ 1975ರ ‘ದಿ ಕಾಯಿನ್ಸ್ ಆಫ್ ಕರ್ನಾಟಕ’ ನಿಮ್ಮೆಲ್ಲರ ಕಪಾಟಿನಲ್ಲೂ ಇದೆ. ಕೆಲವರ ಕಪಾಟಿನಲ್ಲಿರುವುದು ನನ್ನ ಪ್ರತಿ. ದಯವಿಟ್ಟು ವಾಪಸ್ ಕೊಡಿ.

ನಾನು ಹೇಳಬೇಕಾದದ್ದು ಒಂದೇ ಮಾತು. ನಾಣ್ಯದ ಮುಖ ಓದುವುದರಲ್ಲಿ ನಾವು ನಿಸ್ಸೀಮರಾದೆವು, ಅದು ಬಂದ ದಾರಿ ಕೇಳುವುದನ್ನು ಕೈಬಿಟ್ಟೆವು. ಒಂದೂವರೆ ಶತಮಾನದಿಂದ ಇದೇ ನಡೆದಿದೆ. ನಕಲಿ ನಾಣ್ಯಗಳು ನುಗ್ಗಿರುವುದು ಈ ಬಾಗಿಲಿನಿಂದಲೇ.

ವಿದ್ಯಾರ್ಥಿಗಳಿಗಾಗಿ ಎರಡು ಮಾತು. ಇಂಗ್ಲೆಂಡಿನಲ್ಲಿ 1662ರ ಹೊತ್ತಿಗೆ ಯಂತ್ರ ಬಂದು ಸುತ್ತಿಗೆ ಮೂಲೆಗೆ ಸರಿಯಿತು. ನಮ್ಮಲ್ಲಿ ಟಿಪ್ಪುವಿನ ಕಮ್ಮಟಗಳಲ್ಲೂ ಸುತ್ತಿಗೆಯೇ. ಕೆಳ ಅಚ್ಚು ದಿಮ್ಮಿಯಲ್ಲಿ ಊರಿರುತ್ತದೆ, ಮೇಲೆ ಬಿಸಿ ಬಿಲ್ಲೆ, ಅದರ ಮೇಲೆ ಇನ್ನೊಂದು ಅಚ್ಚು, ಆಮೇಲೆ ಏಟು. ಏಟು ಮನುಷ್ಯನದಾದ್ದರಿಂದ ಪ್ರತಿ ಸಲವೂ ಬೇರೆ. ಒಮ್ಮೆ ಚಿತ್ರ ಪಕ್ಕಕ್ಕೆ ಜಾರುತ್ತದೆ, ಒಮ್ಮೆ ಅಕ್ಷರ ಅರ್ಧಕ್ಕೆ ಉಳಿಯುತ್ತದೆ, ಒಮ್ಮೆ ಅಂಚು ಸೀಳುತ್ತದೆ. ಒಂದೇ ಅಚ್ಚಿನ ನೂರು ನಾಣ್ಯ ಸಿಗಬಹುದು. ಆದರೆ ಅಚ್ಚೂ ಅದೇ, ಜಾರಿದ ರೀತಿಯೂ ಅದೇ, ಅಂಚಿನ ಸೀಳೂ ಅದೇ ಜಾಗದಲ್ಲಿ ಎಂದರೆ ಅದು ಸಾಧ್ಯವಿಲ್ಲದ ಮಾತು. ಅಂಥ ಅವಳಿಗಳು ಕಂಡರೆ ಎರಡೂ ಒಂದೇ ತಾಯಿನಾಣ್ಯದಿಂದ ಎರಕ ಹೊಯ್ದವು, ಅಥವಾ ಎರಡರಲ್ಲಿ ಒಂದು ತಾಯಿ. ಎರಕದ ನಾಣ್ಯದಲ್ಲಿ ಗೆರೆಗಳು ಮೊಂಡಾಗಿರುತ್ತವೆ, ಮೈಮೇಲೆ ಗಾಳಿಗುಳ್ಳೆಯ ಚುಕ್ಕೆಗಳು, ಅಂಚಿನಲ್ಲಿ ಅರದಿಂದ ಉಜ್ಜಿದ ಬೆಸುಗೆ ಗೆರೆ. ಏಟು ತಿಂದ ಲೋಹ ಅಕ್ಷರದ ಬುಡದಿಂದ ಹೊರಕ್ಕೆ ಹರಿದಿರುತ್ತದೆ. ಎರಕಕ್ಕೆ ಆ ಹರಿವು ಬರುವುದಿಲ್ಲ.

ಟಿಪ್ಪುವಿನ ವಿಷಯದಲ್ಲಿ ಇನ್ನೂ ಸುಲಭದ ಪರೀಕ್ಷೆ ಇದೆ. ಅವನು ಮೌಲೂದಿ ಶಕೆ ತಂದ ಮೇಲೆ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. 1215 ಎಂಬ ವರ್ಷ ನಾಣ್ಯದ ಮೇಲೆ 5121 ಎಂದು ಕಾಣುತ್ತದೆ. ಇದು ಗೊತ್ತಿಲ್ಲದ ನಕಲಿಗಾರ ಸರಿಯಾಗಿ ಬರೆದು ಸಿಕ್ಕಿಬೀಳುತ್ತಾನೆ.

ಇವೆಲ್ಲ ದಡ್ಡ ನಕಲಿಗಾರನನ್ನು ಹಿಡಿಯುವ ಉಪಾಯಗಳು. ಜಾಣ ಎರಕ ಹೊಯ್ಯುವುದಿಲ್ಲ, ಅಚ್ಚನ್ನೇ ಹೊಸದಾಗಿ ಕೆತ್ತಿ ಸುತ್ತಿಗೆಯಿಂದಲೇ ಹೊಡೆಯುತ್ತಾನೆ. ಜರ್ಮನಿಯ ಕಾರ್ಲ್ ವಿಲ್ಹೆಲ್ಮ್ ಬೆಕರ್, 1772ರಿಂದ 1830ರವರೆಗೆ ಬದುಕಿದ್ದವನು, ಗ್ರೀಕ್ ಮತ್ತು ರೋಮನ್ ನಾಣ್ಯಗಳಿಗೆ ಹೀಗೆ ಅಚ್ಚು ಕೆತ್ತಿದ. ಹೊಸ ನಾಣ್ಯಕ್ಕೆ ಮುಪ್ಪು ಬರಿಸಲು ಅವನ್ನು ಕಬ್ಬಿಣದ ಪುಡಿ, ಜಿಡ್ಡು ತುಂಬಿದ ಡಬ್ಬಿಗೆ ಹಾಕಿ ತನ್ನ ಕುದುರೆಗಾಡಿಯ ಅಚ್ಚಿಗೆ ಕಟ್ಟಿ, ಮುದುಕರನ್ನು ಹವಾಸೇವನೆಗೆ ಕರೆದೊಯ್ಯುತ್ತಿದ್ದೇನೆ ಎನ್ನುತ್ತಿದ್ದನಂತೆ. ಮುಂದಿನ ಸಾಲಿನ ಮುದುಕರು ಕ್ಷಮಿಸಬೇಕು. ಅವನ ಅಚ್ಚುಗಳು ಕೊನೆಗೆ ಬರ್ಲಿನ್ನಿನ ವಸ್ತುಸಂಗ್ರಹಾಲಯ ಸೇರಿದ್ದರಿಂದ ಇವತ್ತು ಯಾರು ಬೇಕಾದರೂ ಹೋಲಿಸಿ ನೋಡಬಹುದು. ನಮ್ಮ ಕಡೆಯ ಬೆಕರ್‌ಗಳು ತಮ್ಮ ಅಚ್ಚುಗಳನ್ನು ಮ್ಯೂಸಿಯಮ್ಮಿಗೆ ದಾನ ಮಾಡಿಲ್ಲ.

ಚಿನ್ನದ ವಿಷಯ ಇನ್ನೂ ತೊಡಕು. ಸಂಗ್ರಾಹಕ ಕೊಡುವ ಬೆಲೆ ಲೋಹದ ಬೆಲೆಗಿಂತ ಎಷ್ಟೋ ಪಾಲು ಮೇಲಿರುವಾಗ ನಕಲಿಗಾರ ಹಿತ್ತಾಳೆಗೆ ಯಾಕೆ ಕೈ ಹಾಕುತ್ತಾನೆ? ನಿಜವಾದ ಚಿನ್ನವನ್ನೇ ಬಳಸುತ್ತಾನೆ. ಸವೆದ ಹಳೆಯ ಪಣಗಳನ್ನು ಕರಗಿಸಿ ವರಹ ಮಾಡಿದರೆ ಲೋಹವೂ ಹಳೆಯದೇ. ಆಗ ಒರೆಗಲ್ಲು ಏನು ಹೇಳೀತು? ಎಕ್ಸ್‌ಆರ್‌ಎಫ್ ಎಂಬ ಎಕ್ಸ್-ರೇ ಯಂತ್ರ ನೋಡುವುದು ಲೋಹದ ಮೇಲಿನ ತೆಳು ಪದರವನ್ನು ಮಾತ್ರ. ಮಣ್ಣಲ್ಲಿ ಬಹುಕಾಲ ಇದ್ದ ಚಿನ್ನದ ಮೇಲ್ಮೈಯಿಂದ ಬೆಳ್ಳಿ, ತಾಮ್ರ ಸೋರಿ ಹೋಗಿರುತ್ತವೆ, ಆಸಿಡ್ಡಿನಲ್ಲಿ ಅದ್ದಿದರೂ ಹಾಗೇ ಆಗುತ್ತದೆ. ರಸಾಯನಶಾಸ್ತ್ರ ವಿಭಾಗದವರು ಇವತ್ತು ಮಧ್ಯಾಹ್ನ ಇದನ್ನು ನನಗಿಂತ ಚೆನ್ನಾಗಿ ವಿವರಿಸುತ್ತಾರೆ. ಯಂತ್ರದ ಫಲಿತಾಂಶ ಕೈಗೆ ಬಂದ ಕೂಡಲೇ ಪ್ರಮಾಣಪತ್ರ ಬರೆಯಬೇಡಿ ಎನ್ನುವುದಷ್ಟೇ ನನ್ನ ಕೋರಿಕೆ.

ಪ್ರಮಾಣಪತ್ರ ಅಂದ ಕೂಡಲೇ ನೆನಪಾಯಿತು. ನಮ್ಮಂಥವರ ಮನೆಗೆ ಆಗಾಗ ಬರುವ ಅತಿಥಿಗಳಿದ್ದಾರೆ. ಕರವಸ್ತ್ರ ಬಿಚ್ಚಿ ತಾಮ್ರದ ಬಿಲ್ಲೆ ತೋರಿಸುತ್ತಾರೆ: ಒಂದು ಕಡೆ ರಾಮನ ಪಟ್ಟಾಭಿಷೇಕ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ, ಅರ್ಧ ಆಣೆ, 1818. ‘ಸಾರ್, ಇದು ಅಕ್ಕಿ ಎಳೆಯುತ್ತೆ, ಒಂದು ಸಹಿ ಮಾಡಿಕೊಡಿ.’ ಕಂಪನಿ ಇಂಥ ಅರ್ಧ ಆಣೆಯನ್ನು ಯಾವತ್ತೂ ಮುದ್ರಿಸಿಲ್ಲ. ಇದು ದೇವಸ್ಥಾನದ ಬೀದಿಯಲ್ಲಿ ಮಾರುವ ಟೋಕನ್. ಅಕ್ಕಿಗೆ ಕಬ್ಬಿಣದ ಪುಡಿ ಸವರಿ ಆಯಸ್ಕಾಂತ ಹಿಡಿದರೆ ಅಕ್ಕಿ ಬಂದೇ ಬರುತ್ತದೆ. ಈ ‘ರೈಸ್ ಪುಲ್ಲಿಂಗ್’ ನಂಬಿ ಮನೆ-ಜಮೀನು ಮಾರಿಕೊಂಡವರಿದ್ದಾರೆ. ಪೊಲೀಸ್ ಠಾಣೆಗಳಲ್ಲಿ ದೂರುಗಳಿವೆ. ನಾವು ನಗುತ್ತೇವೆ. ಆದರೆ ನಮ್ಮ ಪ್ರಶ್ನೆಗಳೇನು ಅವರಿಗಿಂತ ಗಟ್ಟಿಯಾಗಿವೆಯೇ? ವ್ಯಾಪಾರಿ ವರಹ ತರುತ್ತಾನೆ. ಎಲ್ಲಿಯದು? ‘ಹೊಲದಲ್ಲಿ ಸಿಕ್ಕಿದ್ದು ಸಾರ್.’ ಯಾವ ಹೊಲ? ‘ಉತ್ತರ ಕರ್ನಾಟಕದ ಕಡೆ ಎಲ್ಲೋ.’ ಮಗಳಿಗೆ ಗಂಡು ನೋಡುವಾಗ ಅಜ್ಜನ ಊರು, ಸೋದರಮಾವನ ನೌಕರಿ ತನಕ ವಿಚಾರಿಸುವ ಜನ ನಾವು, ನಾಣ್ಯದ ವಿಷಯದಲ್ಲಿ ಇಷ್ಟಕ್ಕೇ ತಲೆಯಾಡಿಸಿ ಪ್ರಬಂಧ ಬರೆದುಬಿಡುತ್ತೇವೆ.

ಈಗ ನನ್ನ ಹಳೆಯ ಕಾಯಿಲೆಗೆ ಬರುತ್ತೇನೆ. ನನ್ನ ವಿದ್ಯಾರ್ಥಿಗಳಾಗಿದ್ದವರು ಆಗಲೇ ಮುಸಿಮುಸಿ ನಗುತ್ತಿದ್ದಾರೆ. ಗಜಪತಿ ವರಹ. ಒಂದು ಕಡೆ ಅಲಂಕೃತ ಆನೆ, ಇನ್ನೊಂದು ಕಡೆ ಬಳ್ಳಿಯ ಸುರುಳಿ. ನಾಲ್ಕು ಗ್ರಾಂಗೆ ತುಸು ಕಡಿಮೆ ತೂಕದ ದಪ್ಪ ಚಿನ್ನ. ದಕ್ಷಿಣದ ನಾಣ್ಯಗಳಲ್ಲಿ ಇದಕ್ಕಿಂತ ಚೆಲುವಾದದ್ದು ನನಗೆ ಗೊತ್ತಿಲ್ಲ. ರಾಜನ ಹೆಸರಿಲ್ಲ, ವರ್ಷವಿಲ್ಲ. ಯಾರದು? ಗಂಗರ ತಾಮ್ರಶಾಸನಗಳ ಮುದ್ರೆಯಲ್ಲಿ ಆನೆ ಇದೆ, ಆದ್ದರಿಂದ ಗಂಗರದು ಎಂದರು. ಅದೇ ನಿಂತಿತು.

ಹರಾಜು ಕೇಂದ್ರಗಳ ಕ್ಯಾಟಲಾಗ್ ತೆಗೆದು ನೋಡಿ: ‘ತಲಕಾಡಿನ ಗಂಗರು, ಸುಮಾರು 1080–1138’. ಮೊದಲ ವರ್ಷದ ಬಿ.ಎ. ವಿದ್ಯಾರ್ಥಿಗೂ ಇದು ಹೊಳೆಯಬೇಕು. ಚೋಳರು ತಲಕಾಡನ್ನು ಹಿಡಿದು ಗಂಗರ ಆಳ್ವಿಕೆ ಮುಗಿಸಿದ್ದು ಸುಮಾರು 1004ರಲ್ಲಿ. 1116ರ ಸುಮಾರಿಗೆ ಹೊಯ್ಸಳ ವಿಷ್ಣುವರ್ಧನ ಅದನ್ನು ಚೋಳರಿಂದ ಕಿತ್ತುಕೊಂಡು ‘ಶ್ರೀ ತಲಕಾಡುಗೊಂಡ’ ಎಂದು ತನ್ನ ನಾಣ್ಯದ ಮೇಲೆ ಕನ್ನಡದಲ್ಲೇ ಬರೆಸಿದ. 1080ರಲ್ಲಿ ತಲಕಾಡಿನಲ್ಲಿ ಚಿನ್ನ ಮುದ್ರಿಸಲು ಯಾವ ಗಂಗರಾಜ ಇದ್ದ?

ಈ ವಿಚಿತ್ರ ತಾರೀಖು ಹುಟ್ಟಿದ್ದು ಕಾಶ್ಮೀರದಲ್ಲಿ ಎಂಬುದು ನನ್ನ ಊಹೆ. ಕಲ್ಹಣ ರಾಜತರಂಗಿಣಿಯಲ್ಲಿ ಹೇಳುತ್ತಾನೆ: 1089ರಿಂದ 1101ರವರೆಗೆ ಆಳಿದ ಹರ್ಷನಿಗೆ ದಕ್ಷಿಣದ ಶೋಕಿ ಬಹಳ, ಕರ್ಣಾಟದ ಮಾದರಿಯಲ್ಲಿ ಟಂಕ ಹೊರಡಿಸಿದ. ಅದೇ ಹರ್ಷ ಕರ್ಣಾಟದ ಪೆರ್ಮಾಡಿಯ ರಾಣಿ ಚಂದಲೆಯ ಚಿತ್ರ ನೋಡಿ ಮರುಳಾದ ಕಥೆಯನ್ನೂ ಕಲ್ಹಣ ಹೇಳುತ್ತಾನೆ. ಪೆರ್ಮಾಡಿ ಎಂದರೆ ನಮ್ಮ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯ, ಕವಿ ಬಿಲ್ಹಣನಿಗೆ ಆಶ್ರಯ ಕೊಟ್ಟವನು. ಹರ್ಷನ ಚಿನ್ನದ ನಾಣ್ಯ ಸಿಕ್ಕಿದೆ. ಅದರ ಮೇಲೆ ಆನೆ ಇದೆ, ನಮ್ಮ ಗಜಪತಿ ವರಹದ ತಮ್ಮನ ಹಾಗೆ. ಅಂದರೆ ಹನ್ನೊಂದನೇ ಶತಮಾನದ ಕೊನೆಗೆ ಆನೆ ವರಹ ಚಲಾವಣೆಯಲ್ಲಿತ್ತು, ಶ್ರೀನಗರದ ತನಕ ಹೆಸರು ಮಾಡಿತ್ತು. ತಾರೀಖನ್ನು ಹರ್ಷನಿಂದ ತಂದರು, ಮನೆತನವನ್ನು ತಾಮ್ರಶಾಸನದ ಆನೆಯಿಂದ ತಂದರು. ಎರಡೂ ಒಂದಕ್ಕೊಂದು ಕೂಡುತ್ತವೆಯೇ ಎಂದು ಯಾರೂ ನೋಡಿದಂತಿಲ್ಲ.

ಗಂಗರು ಅಳಿದ ಮೇಲೂ ಅವರ ಚಿನ್ನ ಎಂಬತ್ತು ವರ್ಷ ಪೇಟೆಯಲ್ಲಿ ಓಡಾಡಿತ್ತೆ? ಓಡಾಡಬಹುದು, ಒಳ್ಳೆಯ ಚಿನ್ನಕ್ಕೆ ರಾಜ ಬದುಕಿರಬೇಕೆಂದಿಲ್ಲ. ಆದರೆ ವಿಕ್ರಮಾದಿತ್ಯನ ಆಸ್ಥಾನವನ್ನು ಕಣ್ಣುಬಿಟ್ಟು ನೋಡುತ್ತಿದ್ದ ಹರ್ಷ, ಅಳಿದುಹೋದ ಮನೆತನದ ನಾಣ್ಯವನ್ನು ಕರ್ಣಾಟದ್ದೆಂದು ಆರಿಸಿಕೊಂಡನೆ? ಚಾಲುಕ್ಯರ ಲಾಂಛನ ವರಾಹ, ಆನೆಯಲ್ಲ. ಹಾಗಾದರೆ ಅವರ ಸಾಮಂತರಲ್ಲೊಬ್ಬರದೆ? ಶಾಸನಗಳಲ್ಲಿ ಬರುವ ಲೊಕ್ಕಿಗದ್ಯಾಣ, ಅಂದರೆ ಲಕ್ಕುಂಡಿಯ ಚಿನ್ನದ ನಾಣ್ಯ, ನೆನಪಿದೆಯಲ್ಲ. ಲಕ್ಕುಂಡಿಯ ಕಮ್ಮಟಿಗರು ಯಾವ ಅಚ್ಚು ಒತ್ತುತ್ತಿದ್ದರು? ನನ್ನ ಒಲವು ಗಂಗರ ನಂತರದ ಕಾಲದ ಕಡೆಗಿದೆ. ಕಿಟಕಿ ಪಕ್ಕದ ಮಿತ್ರರಿಗೆ ಇದು ಒಪ್ಪಿಗೆಯಿಲ್ಲ, ಬಹಳ ಕಾಲದಿಂದ ಒಪ್ಪಿಗೆಯಿಲ್ಲ. ಇಬ್ಬರಲ್ಲಿ ಯಾರು ಸರಿ ಎಂದು ನಿಧಿಯ ಒಂದೇ ಒಂದು ಗಡಿಗೆ ತೀರ್ಮಾನಿಸಬಲ್ಲದು: ಆನೆ ವರಹಗಳ ಜೊತೆ ಕಾಲ ಗೊತ್ತಿರುವ ಒಂದು ನಾಣ್ಯವೂ ಇದ್ದು, ಅದು ಚದುರುವ ಮುಂಚೆ ದಾಖಲಾದ ಗಡಿಗೆ.

ಇಂಥ ಗಡಿಗೆಯ ಬೆಲೆ ಏನೆಂದು ತಕ್ಷಶಿಲೆ ತೋರಿಸಿದೆ. ಭೀರ್ ದಿಬ್ಬದಲ್ಲಿ 1924ರಲ್ಲಿ ಸಾವಿರಕ್ಕೂ ಹೆಚ್ಚು ಮುದ್ರಾಂಕಿತ ಬೆಳ್ಳಿ ನಾಣ್ಯಗಳ ಜೊತೆ ಅಲೆಕ್ಸಾಂಡರನ ಎರಡು, ಫಿಲಿಪ್ ಅರಿಡಿಯಸನ ಒಂದು ನಾಣ್ಯ ಸಿಕ್ಕವು. ಹೆಸರಿಲ್ಲದ ಅಷ್ಟೂ ಬೆಳ್ಳಿಗೆ ಆ ಮೂರರಿಂದ ಕಾಲ ಸಿಕ್ಕಿತು. ಕೊಸಾಂಬಿಯವರು ತಕ್ಷಶಿಲೆಯ ನಾಣ್ಯಗಳನ್ನು ತಕ್ಕಡಿಗೆ ಹಾಕಿ ಸವೆತದಿಂದ ಚಲಾವಣೆಯ ಅವಧಿ ಲೆಕ್ಕ ಹಾಕಿದರಲ್ಲ, ಅವು ಒಟ್ಟಿಗೆ ಹೂತವು ಎಂದು ಗೊತ್ತಿದ್ದದ್ದರಿಂದಲೇ ಆ ಲೆಕ್ಕ ಸಾಧ್ಯವಾಯಿತು. ಬಜಾರಿನಿಂದ ಆಯ್ದು ತಂದ ನಾಣ್ಯಗಳನ್ನು ಎಷ್ಟು ತೂಗಿದರೂ ತೂಕ ಮಾತ್ರ ಸಿಗುತ್ತದೆ.

ನಮ್ಮ ಗಡಿಗೆಗಳು ಎಲ್ಲಿ ಹೋದವು? 1878ರ ನಿಧಿ ಕಾಯ್ದೆಯ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚಿನ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕಿತ್ತು. ಸರ್ಕಾರ ಅದನ್ನು ಕೊಂಡರೆ ಕೊಡುತ್ತಿದ್ದದ್ದು ಲೋಹದ ಬೆಲೆ, ಅದರ ಮೇಲೆ ಐದನೇ ಒಂದು ಪಾಲು. ಪೇಟೆ ಹತ್ತು ಪಾಲು ಕೊಡುವಾಗ ಯಾವ ರೈತ ತಾಲ್ಲೂಕು ಕಚೇರಿಗೆ ಬರುತ್ತಾನೆ? ಬ್ರಿಟನ್ನಿನವರು 1996ರ ಕಾಯ್ದೆಯಲ್ಲಿ ಪೂರ್ತಿ ಮಾರುಕಟ್ಟೆ ಬೆಲೆಯ ಬಹುಮಾನ ಇಟ್ಟರು; ಮರುವರ್ಷದಿಂದ ಹೊಲದಲ್ಲಿ ಸಿಕ್ಕ ಚಿಲ್ಲರೆ ನಾಣ್ಯವನ್ನೂ ಊರು ಸಮೇತ ದಾಖಲಿಸುವ ವ್ಯವಸ್ಥೆ ಮಾಡಿದರು. ನಾವು ರೈತನಿಗೆ ಹೆದರಿಕೆ ಹುಟ್ಟಿಸಿದೆವು, ಆಮೇಲೆ ಅವನು ಸುಳ್ಳು ಹೇಳುತ್ತಾನೆ ಎಂದೆವು.

ಶಾಸನದವರು ನಮಗಿಂತ ಜಾಣರು. ನೂರು ವರ್ಷಕ್ಕೂ ಹಿಂದೆ ಶಾಸನತಜ್ಞ ಫ್ಲೀಟ್ ಸಾಹೇಬರು ಗಂಗರ ತಾಮ್ರಪಟಗಳಲ್ಲಿ ಬಹುಪಾಲು ಕೂಟಶಾಸನ, ಅಂದರೆ ನಕಲಿ, ಎಂದು ಘೋಷಿಸಿ ಇನ್ನೊಬ್ಬ ಶಾಸನತಜ್ಞ ರೈಸ್ ಅವರ ಜೊತೆ ಬಹಿರಂಗವಾಗಿ ಜಗಳ ಆಡಿದರು. ಲಿಪಿ ಆ ಕಾಲದ್ದೆ, ತಿಥಿಗೆ ವಾರ ಕೂಡುತ್ತದೆಯೆ, ಪಟ ಯಾರ ಮನೆಯಲ್ಲಿತ್ತು, ಎಲ್ಲವನ್ನೂ ಕೆದಕಿದರು. ಫ್ಲೀಟ್ ಅತಿ ಮಾಡಿದರು ಎನ್ನುವವನು ನಾನು. ಆದರೆ ಆ ಜಗಳದಿಂದಾಗಿಯೇ ಇವತ್ತು ಕನ್ನಡದ ಯಾವ ಶಾಸನತಜ್ಞನೂ ಪರೀಕ್ಷೆಯಿಲ್ಲದೆ ತಾಮ್ರಪಟ ಒಪ್ಪುವುದಿಲ್ಲ. ಅದೇ ಗಂಗರ ಹೆಸರಿನ ನಾಣ್ಯಕ್ಕೆ ಇಂಥ ಒಂದು ಜಗಳವೂ ಆಗಿಲ್ಲ. ನಾಣ್ಯವನ್ನೂ ಅನುಮಾನಿಸಬೇಕು ಎಂಬುದು ಕೌಟಿಲ್ಯನಿಗೆ ಗೊತ್ತಿತ್ತು. ಶಾಮಾಶಾಸ್ತ್ರಿಗಳು ಮೈಸೂರಿನಲ್ಲಿ 1909ರಲ್ಲಿ ಅಚ್ಚು ಹಾಕಿಸಿದ ಅರ್ಥಶಾಸ್ತ್ರದಲ್ಲಿ ನಾಣ್ಯ ಪರೀಕ್ಷಿಸುವ ರೂಪದರ್ಶಕನಿದ್ದಾನೆ. ಮೂಸೆ, ತಿದಿ, ಇಕ್ಕಳ, ಕ್ಷಾರ, ಇದ್ದಿಲು ಪದೇ ಪದೇ ಕೊಳ್ಳುವವನ ಮೇಲೆ ಕಣ್ಣಿಡಿ ಎಂಬ ಸೂಚನೆಯೂ ಇದೆ. ನಾಣ್ಯಕ್ಕಿಂತ ಮೊದಲು ಅದು ಬಂದ ಮನೆಯನ್ನು ನೋಡು ಎನ್ನುವ ಈ ಪೊಲೀಸ್ ಬುದ್ಧಿ ನಮಗೆ ಬರಲಿಲ್ಲ.

ಸಿಕ್ಕ ಊರು ಕಳೆದುಹೋಗಿದ್ದರೂ ಕೈಬದಲಾದ ಸರಪಳಿಯನ್ನಾದರೂ ಹಿಡಿಯಬಹುದು. ವಾಲ್ಟರ್ ಎಲಿಯಟ್, ಕಣ್ಣು ಕಾಣದ ಇಳಿವಯಸ್ಸಿನಲ್ಲಿ, 1880ರ ದಶಕದಲ್ಲಿ ದಕ್ಷಿಣ ಭಾರತದ ನಾಣ್ಯಗಳ ಪುಸ್ತಕ ಹೊರತಂದರು. ಅವರ ಚಿತ್ರಫಲಕದಲ್ಲಿರುವ ನಾಣ್ಯ ಏನೇ ಆಗಿರಲಿ, ಮೊನ್ನೆ ಮೊನ್ನೆ ಹುಟ್ಟಿದ ನಕಲಿ ಆಗಲಾರದು. ಹಳೆಯ ಮ್ಯೂಸಿಯಂ ತಟ್ಟೆಗಳಲ್ಲಿ ಇರುವ ಅಚ್ಚುಗಳ ಪಟ್ಟಿ ಮಾಡಿ. ಕಳೆದ ಮೂವತ್ತು ವರ್ಷಗಳ ಹರಾಜಿನಲ್ಲಿ ಮಾತ್ರ ಕಾಣುವ, ಒಂದು ಹಳೆಯ ತಟ್ಟೆಯಲ್ಲೂ ಕಾಣದ ಅಚ್ಚುಗಳನ್ನು ಪಕ್ಕಕ್ಕಿಡಿ. ಅವೆಲ್ಲ ನಕಲಿ ಎಂದು ನಾನು ಹೇಳುತ್ತಿಲ್ಲ. ಆದರೆ ಅವುಗಳ ಮೇಲೆ ಗಂಗರ ಆರ್ಥಿಕ ಇತಿಹಾಸ ಕಟ್ಟಬೇಡಿ. ಮ್ಯೂಸಿಯಮ್ಮಿನವರೂ ಇಲ್ಲಿ ಇದ್ದೀರಿ. ನಾಣ್ಯದ ಎರಡು ಮುಖಗಳ ಫೋಟೊ ಕೊಡುತ್ತೀರಿ, ಉಪಕಾರ. ಅಂಚಿನ ಫೋಟೊ, ತೂಕ, ಜೊತೆಗೆ ನಿಮ್ಮ ದಾಖಲೆ ಪುಸ್ತಕದ ಆ ಪುಟದ ಫೋಟೊ, ಇಷ್ಟನ್ನೂ ಕೊಡಿ. ಪುಟದಲ್ಲಿ ‘ಖರೀದಿ’ ಎಂದಷ್ಟೇ ಇದ್ದರೆ ಅದೂ ನಮಗೆ ಬೇಕಾದ ಮಾಹಿತಿಯೇ.

ಮೊದಲ ಗೋಷ್ಠಿಯಲ್ಲಿ ಗಜಪತಿ ವರಹದ ಮೇಲೆ ಯುವ ಸಂಶೋಧಕಿಯೊಬ್ಬರ ಪ್ರಬಂಧ ಇದೆ. ಶೀರ್ಷಿಕೆಯಲ್ಲಿ ‘ಗಂಗರ’ ಎಂಬ ಪದವನ್ನು ಅವರು ಪ್ರಶ್ನಾರ್ಥಕ ಚಿಹ್ನೆಯ ಜೊತೆ ಹಾಕಿದ್ದಾರೆ, ನನಗೆ ಬಹಳ ಹಿಡಿಸಿತು. ಅವರಿಗೆ ಒಂದು ಪ್ರಶ್ನೆಯನ್ನು ಈಗಲೇ ಕೊಟ್ಟಿರುತ್ತೇನೆ, ಯೋಚಿಸಲು ಸಮಯ ಸಿಗಲಿ. ನೀವು ನೋಡಿದ ಆನೆಗಳಲ್ಲಿ ಸಿಕ್ಕ ಊರ ಹೆಸರು ಗೊತ್ತಿರುವುದು ಎಷ್ಟಕ್ಕೆ? ಆ ಊರುಗಳು ತುಂಗಭದ್ರೆಯ ಆ ಕಡೆಯವೋ, ಈ ಕಡೆಯವೋ?