ಗಂಡುಮಕ್ಕಳಲ್ಲಿ ವೇರಿಕೋಸೀಲ್: ಸಂಕೋಚದಿಂದ ಮುಚ್ಚಿಡುವ ತೊಂದರೆ
(ಕನಕಪುರ ತಾಲ್ಲೂಕಿನ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಉಪನ್ಯಾಸದ ಪಠ್ಯ)



ದಂಪತಿಗೆ ಮಕ್ಕಳಾಗದಿದ್ದರೆ ಊರು ಮೊದಲು ಬೆರಳು ತೋರುವುದು ಸೊಸೆಯ ಕಡೆಗೆ. ಆದರೆ ಈ ಕಾರಣಕ್ಕಾಗಿ ತಪಾಸಣೆಗೆ ಬರುವ ಗಂಡಸರಲ್ಲಿ ಶೇ. 35ರಿಂದ 40ರಷ್ಟು ಮಂದಿಯಲ್ಲಿ ವೇರಿಕೋಸೀಲ್ ಕಂಡುಬರುತ್ತದೆ. ಇದು ಸಾಮಾನ್ಯವಾಗಿ ಪ್ರೌಢಶಾಲೆಯ ವಯಸ್ಸಿನಲ್ಲಿಯೇ ಸದ್ದಿಲ್ಲದೆ ಆರಂಭವಾಗಿರುತ್ತದೆ.

ವೃಷಣದಿಂದ ಮೇಲಕ್ಕೆ ರಕ್ತವನ್ನೊಯ್ಯುವ ಅಭಿಧಮನಿಗಳು ಹಿಗ್ಗಿ ಸುರುಳಿಗೊಳ್ಳುವುದೇ ವೇರಿಕೋಸೀಲ್. ಎಡಗಡೆಯ ಅಭಿಧಮನಿಯು ಮೂತ್ರಪಿಂಡದ ಅಭಿಧಮನಿಯನ್ನು ಲಂಬಕೋನದಲ್ಲಿ ಸೇರುವುದರಿಂದ ತೊಂದರೆ ಬಹುತೇಕ ಎಡಕ್ಕೇ ಬರುತ್ತದೆ. ಕವಾಟಗಳು ಸೋತಾಗ, ತೂಬು ಕೆಟ್ಟ ಕಾಲುವೆಯಲ್ಲಿ ನೀರು ಹಿಂದಿರುಗುವಂತೆ, ರಕ್ತ ಕೆಳಗಿಳಿದು ನಿಲ್ಲುತ್ತದೆ. ವೃಷಣದ ಶಾಖ ಏರಿ ಅದರ ಬೆಳವಣಿಗೆ ಕುಂಠಿತವಾಗಬಹುದು. ನೋವು ಅಪರೂಪ. ಹುಡುಗ ಹೇಳುವುದಿಲ್ಲ, ತಾಯಿ ಕೇಳುವುದಿಲ್ಲ. ಎಷ್ಟೋ ತರುಣರಿಗೆ ಇದು ತಿಳಿಯುವುದು ಸೇನಾ ನೇಮಕಾತಿಯ ವೈದ್ಯಕೀಯ ಪರೀಕ್ಷೆಯಲ್ಲಿ.

ಹದಿಹರೆಯದವರಲ್ಲಿ ನೂರಕ್ಕೆ ಸುಮಾರು 15 ಮಂದಿಗೆ ಈ ಸ್ಥಿತಿಯಿದ್ದರೂ ಹೆಚ್ಚಿನವರು ಮುಂದೆ ತಂದೆಯಾಗುತ್ತಾರೆ. ಆದ್ದರಿಂದ ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಡ. ಅಂಥ ಆತುರ ತೋರುವವರ ಮಾತಿಗೆ ಕಿವಿಗೊಡಬಾರದು. ವರ್ಷಕ್ಕೊಮ್ಮೆ ವೃಷಣಗಳ ಗಾತ್ರವನ್ನು ಅಳೆಸಬೇಕು. ಎಡ–ಬಲಗಳ ವ್ಯತ್ಯಾಸ ಶೇ. 20ನ್ನು ಮೀರಿ ಹಾಗೆಯೇ ಉಳಿದರೆ, ಅಥವಾ ನೋವು ನಿಲ್ಲದಿದ್ದರೆ, ಚಿಕಿತ್ಸೆಯ ಮಾತು. ಊತ ಬಲಗಡೆ ಮಾತ್ರವಿದ್ದರೆ ಅಥವಾ ಮಲಗಿದಾಗಲೂ ಇಳಿಯದಿದ್ದರೆ ತಡಮಾಡದೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಬೇಕು.

ಈಗಿನ ಶಸ್ತ್ರಚಿಕಿತ್ಸೆಗೆ ದೊಡ್ಡ ಗಾಯ ಬೇಕಿಲ್ಲ. ಲ್ಯಾಪರೋಸ್ಕೋಪಿಯಲ್ಲಿ ಹೊಟ್ಟೆಯ ಮೇಲೆ ಸಣ್ಣ ರಂಧ್ರಗಳನ್ನು ಮಾಡಿ, ಕ್ಯಾಮೆರಾದ ನೆರವಿನಿಂದ ಕೆಟ್ಟ ಅಭಿಧಮನಿಯನ್ನು ಕಟ್ಟುತ್ತಾರೆ. ತೊಡೆಸಂದಿಯ ಬಳಿ ಚಿಕ್ಕ ಸೀಳು ಮಾಡಿ ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತಾ ಕಟ್ಟುವ ವಿಧಾನವೂ ಉಂಟು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಬಾಲಕ ಮನೆಗೆ ಮರಳುತ್ತಾನೆ. ದುಗ್ಧನಾಳಗಳಿಗೂ ಪೆಟ್ಟಾದರೆ ವೃಷಣದ ಸುತ್ತ ನೀರು ತುಂಬಬಹುದು, ತೊಂದರೆ ಮರುಕಳಿಸಲೂಬಹುದು. ಪೋಷಕರು ಇದನ್ನು ಮೊದಲೇ ಕೇಳಿ ತಿಳಿದಿರಬೇಕು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುತ್ತದೆ. ಸಾತನೂರಾಗಲಿ ಕೋಡಿಹಳ್ಳಿಯಾಗಲಿ, ತಂಡ ಶಾಲೆಗೆ ಬರುವ ದಿನ ಬಾಗಿಲು ಮುಚ್ಚುವ ಒಂದು ಕೊಠಡಿಯನ್ನು ಒದಗಿಸಲು ಮತ್ತು ಗಂಡುಮಕ್ಕಳನ್ನು ಪುರುಷ ವೈದ್ಯರೇ ನೋಡುವಂತೆ ಮುಖ್ಯೋಪಾಧ್ಯಾಯರೊಡನೆ ಮಾತನಾಡಲು ಸದಸ್ಯರಿಗೆ ಸಾಧ್ಯವಿದೆ. ತೊಂದರೆ ಕಂಡವರನ್ನು ಕನಕಪುರದ ತಾಲ್ಲೂಕು ಆಸ್ಪತ್ರೆಗೆ ಕಳುಹಿಸಬೇಕು. ಬೆಂಗಳೂರಿಗೆ ಹೋಗಬೇಕಾಗಿ ಬಂದರೆ ಹೊರಡುವ ಮುನ್ನ ಅಲ್ಲಿಂದಲೇ ರೆಫರಲ್ ಪತ್ರವನ್ನು ಪಡೆಯಬೇಕು.