ಕಾಫಿಯ ಬೇರುರೋಗವೂ ಕಡಿದ ಮರದ ಬುಡವೂ
(ವನಗೂರು ಸೀಮೆಯ ಜಮೀನುದಾರರಿಗಾಗಿ ಉಪನ್ಯಾಸ)



ವನಗೂರಿನ ಸುತ್ತಣ ಬೆಟ್ಟಗಳಲ್ಲಿ ಕಾಫಿಯು ಕಾಡುಮರಗಳ ನೆರಳನ್ನು ಆಶ್ರಯಿಸಿ ಬೆಳೆಯುವುದು. ಅತ್ತಿ, ಹಲಸು, ನಂದಿ, ಮತ್ತಿ ಮೊದಲಾದ ಮರಗಳು ಬಿಸಿಲನ್ನು ತಡೆದು, ತರಗೆಲೆಯಿಂದ ಮಣ್ಣಿಗೆ ಸಾರವನ್ನು ಕೊಡುವುವು. ನೆಲದ ಮೇಲೆ ಹೀಗೆ ಕೂಡಿ ಬಾಳುವ ಗಿಡಮರಗಳ ಬೇರುಗಳು ನೆಲದೊಳಗೂ ಒಂದಕ್ಕೊಂದು ತಾಕಿಕೊಂಡಿರುವುವು. ಬೇರುರೋಗವು ಹರಡುವುದು ಮುಖ್ಯವಾಗಿ ಈ ದಾರಿಯಲ್ಲಿಯೇ.

ಮೊದಲು ಒಂದು ಗಿಡವು ಹಳದಿಯಾಗಿ, ಎಲೆಯುದುರಿಸಿ ಸಾಯುವುದು. ಅನಂತರ ಅದರ ನೆರೆಯ ಗಿಡಗಳು ಒಂದೊಂದಾಗಿ ಸತ್ತು, ತೋಟದ ನಡುವೆ ಬಯಲು ಬೀಳುವುದು. ಇದನ್ನು ಬಿಳಿ ಕಾಂಡಕೊರಕದ ಹಾವಳಿಯೆಂದು ಭ್ರಮಿಸುವುದುಂಟು. ಕೊರಕವು ಹೊಕ್ಕ ಕಾಂಡದ ಮೇಲೆ ಉಬ್ಬಿದ ಏಣುಗಳು ಕಾಣುವುವು. ಅವು ಇಲ್ಲದಿದ್ದಲ್ಲಿ ಗಿಡವನ್ನು ಕಿತ್ತು ಬೇರನ್ನು ಪರೀಕ್ಷಿಸತಕ್ಕದ್ದು. ಮಣ್ಣು, ಮರಳು, ಸಣ್ಣ ಕಲ್ಲುಗಳು ತೊಳೆದರೂ ಬಿಡದಂತೆ ಬೇರಿಗೆ ಮೆತ್ತಿಕೊಂಡು, ಒಳಗಿನ ಮರದಲ್ಲಿ ಕಂದು ಗೆರೆಗಳಿದ್ದರೆ ಅದು ಕಂದು ಬೇರುರೋಗ. ಬೇರಿನ ಮೇಲೆ ಕೆಂಪು ಎಳೆಗಳಿದ್ದರೆ ಕೆಂಪು ಬೇರುರೋಗ; ಕಪ್ಪು ಎಳೆಗಳಿದ್ದರೆ ಕಪ್ಪು ಬೇರುರೋಗ. ಈ ಮೂರಕ್ಕೂ ಬೂಷ್ಟುಗಳೇ ಕಾರಣ. ಕಂದು ರೋಗದ ಬೂಷ್ಟಿಗೆ 1932ರಲ್ಲಿ ಸಿಂಗಪುರದ ಸಸ್ಯಶಾಸ್ತ್ರಜ್ಞ ಕಾರ್ನರ್‌ರವರು ಫೋಮೆಸ್ ನಾಕ್ಸಿಯಸ್ ಎಂದು ಹೆಸರಿಟ್ಟರು.

ಈ ಬೂಷ್ಟಿನ ತವರು ಬಹುವೇಳೆ ಕಡಿದ ಮರದ ಬುಡವೇ ಆಗಿರುವುದು. ಮರವನ್ನು ಕಡಿದರೂ ಬೇರುಗಳಲ್ಲಿ ಕೂಡಿಟ್ಟ ಆಹಾರವು ಹಾಗೆಯೇ ಉಳಿಯುವುದು. ಕಾಯುವ ಜೀವವಿಲ್ಲದ ಆ ಕಣಜವನ್ನು ಬೂಷ್ಟು ಸೂರೆಗೊಂಡು, ಅಲ್ಲಿಂದ ಕಾಫಿಯ ಬೇರಿಗೆ ದಾಟುವುದು. ಆದಕಾರಣ ರೋಗಕ್ಕೆ ಹೆದರಿ ಕಾಡುಮರಗಳನ್ನೆಲ್ಲ ಉರುಳಿಸುವುದು ಅವಿವೇಕ; ಬುಡಗಳು ಹೆಚ್ಚಿದಷ್ಟೂ ರೋಗದ ಬೀಡುಗಳು ಹೆಚ್ಚುವುವು.

ಮರವನ್ನು ತೆಗೆಯಲೇಬೇಕಾದಲ್ಲಿ ಮುಂಚಿತವಾಗಿ ಕಾಂಡದ ಸುತ್ತಲೂ ಬಳೆಯಂತೆ ತೊಗಟೆಯನ್ನು ಸುಲಿದು ಬಿಡತಕ್ಕದ್ದು. ಮರವು ನಿಧಾನವಾಗಿ ಸಾಯುತ್ತ ಬೇರಿನ ಆಹಾರವನ್ನು ತಾನೇ ತೀರಿಸುವುದು. 1930ರ ದಶಕದಲ್ಲಿ ಆಫ್ರಿಕದ ನ್ಯಾಸಲ್ಯಾಂಡಿನ ಚಹಾ ತೋಟಗಳಲ್ಲಿ ಇಂತಹದೇ ಒಂದು ಬೇರುರೋಗಕ್ಕೆ ಲೀಚ್ ಎಂಬ ತಜ್ಞರು ಈ ಕ್ರಮವನ್ನು ತೋರಿಸಿಕೊಟ್ಟರು. ಮರವನ್ನುರುಳಿಸಿದ ಮೇಲೆ ಬುಡವನ್ನೂ ದಪ್ಪ ಬೇರುಗಳನ್ನೂ ಅಗೆದು ತೆಗೆಯತಕ್ಕದ್ದು.

ರೋಗವು ಆಗಲೇ ತಲೆದೋರಿದ್ದರೆ ಸತ್ತ ಗಿಡಗಳನ್ನು ಬೇರುಸಹಿತ ಕಿತ್ತು ಸ್ಥಳದಲ್ಲಿಯೇ ಸುಡಬೇಕು. ಆರೋಗ್ಯವಾಗಿ ಕಾಣುವ ಒಂದು ಸುತ್ತು ಗಿಡಗಳನ್ನೂ ಒಳಗೆ ಸೇರಿಸಿಕೊಂಡು, 2 ಅಡಿ ಆಳ, 1 ಅಡಿ ಅಗಲದ ಕಾಲುವೆಯನ್ನು ಸುತ್ತಲೂ ತೋಡಿ, ಅದರ ಮಣ್ಣನ್ನು ಒಳಬದಿಗೇ ಹಾಕಬೇಕು. ಮಳೆಗಾಲದಲ್ಲಿ ಕಾಲುವೆಯು ತರಗೆಲೆಯಿಂದಲೂ ಮಣ್ಣಿನಿಂದಲೂ ಮುಚ್ಚಿಹೋಗದಂತೆ ನೋಡಿಕೊಳ್ಳತಕ್ಕದ್ದು. ಗುಣಿಗಳಿಗೆ ಸುಣ್ಣವನ್ನು ಹಾಕಿ, ಕನಿಷ್ಠಪಕ್ಷ ಆರು ತಿಂಗಳು ಬಿಸಿಲಿಗೆ ಬಿಟ್ಟು, ಅನಂತರವೇ ಹೊಸ ಗಿಡವನ್ನು ನೆಡುವುದು ಯೋಗ್ಯ. ರೋಗವು ಯಾವುದೆಂದು ತಿಳಿಯದಿದ್ದರೆ ಬೇರಿನ ಮಾದರಿಯನ್ನು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಸಂಸ್ಥೆಯಲ್ಲಿ ತೋರಿಸಬಹುದು. ಮೈಸೂರು ಸಂಸ್ಥಾನದವರು 1925ರಲ್ಲಿ ಅಲ್ಲಿ ಸ್ಥಾಪಿಸಿದ ಪ್ರಯೋಗಕ್ಷೇತ್ರವೇ ಇಂದಿನ ಆ ಸಂಸ್ಥೆಗೆ ಮೂಲ.

ಗಡಿಯ ಮೇಲಿನ ಬುಡದ ವಿಷಯದಲ್ಲಿ ಗ್ರಾಮದ ಮುಖಂಡರ ಹೊಣೆಯು ದೊಡ್ಡದು. ಮರವು ಯಾರದೆಂಬ ವ್ಯಾಜ್ಯವು ನಡೆಯುತ್ತಿರುವಾಗಲೇ ಬೇರು ಎರಡು ತೋಟಗಳಿಗೂ ರೋಗವನ್ನು ಒಯ್ಯುವುದು. ಅದಕ್ಕೆ ಗಡಿಕಲ್ಲಿನ ಲೆಕ್ಕವಿಲ್ಲ. ಇಬ್ಬರನ್ನೂ ಕೂರಿಸಿ, ಕೂಲಿಯನ್ನು ಸಮನಾಗಿ ಹಂಚಿ, ಆ ಬುಡವನ್ನು ಮುಂಗಾರಿಗೆ ಮುನ್ನವೇ ಕೀಳಿಸಿದರೆ ಎರಡು ಮನೆಗಳ ಬೆಳೆಯೂ ಉಳಿಯುವುದು.